ಕಸ್ತೂರಮ್ಮ ಕೊಟ್ಟ ಎಣ್ಣೆ

"ರೀ, ಸೀಮೆಎಣ್ಣೆ ಏನಾದ್ರೂ ಐತಾ?" ನಯನಾ ಬಚ್ಚಲ ಬಾಗಿಲನ್ನು ಅರ್ಧ ತೆರೆದು ಕೇಳಿದಳು. ಮೊಣಕೈವರೆಗೂ ಸೋಪಿನ ನೊರೆ ಹತ್ತಿತ್ತು. "ಅತ್ತೆಯವರ ಉಗುರಿನ ಸಂದಿ ಕಪ್ಪು ಹೋಗವಲ್ದು. ಸೀಗೆಪುಡಿ ಹಚ್ಚಿದ್ವಿ, ನಿಂಬೆಹಣ್ಣು ತಿಕ್ಕಿದ್ವಿ."

ಕೊಟ್ಟೂರೇಶ್ ಅಡುಗೆಮನೆಯ ಕಪಾಟು ತೆರೆದು ನೋಡಿ ಮತ್ತೆ ಮುಚ್ಚಿದ. ಸೀಮೆಎಣ್ಣೆ ಮನೆಗೆ ಬಂದು ಎಷ್ಟು ವರ್ಷವಾಯಿತೋ. ಅಂಗಳದಲ್ಲಿ ಕುರ್ಚಿ ಹಾಕಿಸುತ್ತಿದ್ದ ಮೆಕ್ಯಾನಿಕ್ ಅಮ್ಜದ್ ಒಳಗಿನ ಮಾತು ಕೇಳಿಸಿಕೊಂಡು ಕೂಗಿ ಹೇಳಿದ:

"ಬಿಡಮ್ಮಾ, ತಿಕ್ಕಬ್ಯಾಡ. ಅದು ಹೊಲಸಲ್ಲ. ಮೂವತ್ತೆರಡು ವರ್ಷದ ಕೆಲಸ."

ನಯನಾ ಬಾಗಿಲು ಮುಚ್ಚಿಕೊಂಡಳು.

ಕಸ್ತೂರಮ್ಮ ಸತ್ತದ್ದು ಹಿಂದಿನ ದಿನ ಮಧ್ಯಾಹ್ನ, ಹಳೇ ಪಿ.ಬಿ. ರಸ್ತೆಯ ತನ್ನ ಇಂಜಿನ್ ಆಯಿಲ್ ಅಂಗಡಿಯಲ್ಲಿ, ಕುರ್ಚಿಯ ಮೇಲೆ ಕುಳಿತಂತೆಯೇ. ಯಾವನೋ ಗಿರಾಕಿ ಬಂದು ಎರಡು ಸಲ ಕರೆದು, ಮುದುಕಿಗೆ ನಿದ್ದೆ ಹತ್ತಿದೆ ಎಂದುಕೊಂಡು ಪಕ್ಕದ ಅಂಗಡಿಗೆ ಹೋಗಿದ್ದನಂತೆ. ಮಗ ಕೊಟ್ಟೂರೇಶನಿಗೆ ಫೋನು ಬರುವಷ್ಟರಲ್ಲಿ ಕೈ ತಣ್ಣಗಾಗಿತ್ತು.

ದಾವಣಗೆರೆಯ ನಿಟ್ಟುವಳ್ಳಿಯ ಅವರ ಓಣಿಯಲ್ಲಿ ಹತ್ತು ಗಂಟೆಯ ಹೊತ್ತಿಗೆ ಮೂವತ್ತು ನಲವತ್ತು ಜನ ಸೇರಿದರು. ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ಮೂರು ಬೆರಳು ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇಟ್ಟಿದ್ದರು. ಭಜನೆಯವರು ದಮ್ಮಡಿ, ತಾಳ ಹಿಡಿದು ಮೂಲೆಯಲ್ಲಿ ಕೂತಿದ್ದರು. ಹೊರಗಿನ ಕುರ್ಚಿಗಳಲ್ಲಿ ಹಳೇ ಡ್ರೈವರುಗಳು.

"ನನ್ನ ಮೆಟಡಾರ್ ನಾಲ್ಕು ಲಕ್ಷ ಕಿಲೋಮೀಟರ್ ಓಡ್ತು," ಎಂದ ಬೊಮ್ಮಣ್ಣ. "ಇಂಜಿನ್ ಬಿಚ್ಚಿದ್ದು ಒಂದೇ ಸಲ. ಆ ಅಕ್ಕ ಹೇಳಿದ ಎಣ್ಣೆ ಬಿಟ್ರೆ ಬ್ಯಾರೆದು ಹಾಕಲಿಲ್ಲ ನೋಡ್ರಿ."

"ಮತ್ಯಾಕ ಹೋಗಾದು ಬಿಟ್ಟೆ?" ಎಂದು ಅಮ್ಜದ್ ಕೇಳಿದ.

ಬೊಮ್ಮಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಎಲ್ಲಾರೂ ಬಿಟ್ರು, ನಾನೂ ಬಿಟ್ಟೆ. ಸೂರಪ್ಪನ ಗಾಡಿ ಹಂಗಾದ ಮ್ಯಾಲೆ ಧೈರ್ಯ ಬರಲಿಲ್ಲಪ್ಪ. ಪಾಪ, ಜೀವಮಾನದಾಗೆ ಒಂದೇ ಒಂದು ತಪ್ಪು ಮಾಡಿದ್ಲು."

ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಕೊಟ್ಟೂರೇಶ್‌ಗೆ ಆ ಮಾತು ಕಿವಿಗೆ ಬಿತ್ತು. ಅವನು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದ. ತಾಯಿಯ ಮುಖ ನೋಡಲಾಗಲಿಲ್ಲ. ಮತ್ತೆ ಹೊರಗೆ ಬಂದ.

ಆಗಲೇ ಓಣಿಯ ತಿರುವಿನಲ್ಲಿ ಸೂರಪ್ಪ ಕಾಣಿಸಿದ. ಮೈಮೇಲೆ ವಾಚ್‌ಮನ್ನಿನ ನೀಲಿ ಅಂಗಿ. ವಿದ್ಯಾನಗರದ ಹಾಸ್ಟೆಲೊಂದರ ಗೇಟು ಕಾಯುವ ಕೆಲಸ ಅವನದು. ಪಾಳಿ ಮುಗಿಸಿ ನೇರ ಬಂದಿದ್ದ. ಕುರ್ಚಿಗಳಲ್ಲಿದ್ದವರು ತಿರುಗಿ ನೋಡಿದರು. ಅವನು ಯಾರನ್ನೂ ಮಾತಾಡಿಸದೆ ಎದುರು ಮನೆಯ ಗೋಡೆಗೆ ಒರಗಿ ನಿಂತುಕೊಂಡ.

"ಹನ್ನೊಂದು ವರ್ಷಕ್ಕೆ ಈ ಓಣಿಗೆ ಕಾಲಿಟ್ಟ," ಎಂದು ಬೊಮ್ಮಣ್ಣ ಪಿಸುಗುಟ್ಟಿದ.

*

ಗಂಡ ತೀರಿಕೊಂಡಾಗ ಕಸ್ತೂರಮ್ಮನಿಗೆ ಎಣ್ಣೆಯೆಂದರೆ ಒಗ್ಗರಣೆಯ ಎಣ್ಣೆ ಮಾತ್ರ ಗೊತ್ತಿತ್ತು. ಕೊಟ್ಟೂರೇಶ್ ಆಗ ಮೂರನೇ ಇಯತ್ತೆ. ಗಂಡನ ಅಂಗಡಿ ಮಾರಿಬಿಡು ಎಂದು ಅವಳ ತಮ್ಮ ನಾಗರಾಜಪ್ಪ ಹೇಳಿದ. ಅವಳು ಮಾರಲಿಲ್ಲ. ಅಮ್ಜದನ ಗ್ಯಾರೇಜಿನಲ್ಲಿ ಒಂದು ಸ್ಟೂಲು ಹಾಕಿಕೊಂಡು ಆರು ತಿಂಗಳು ಕೂತಳು. ಇಂಜಿನ್ನಿನಿಂದ ಇಳಿಸಿದ ಎಣ್ಣೆಯನ್ನು ಬೆರಳಿಗೆ ಹಚ್ಚಿ ತಿಕ್ಕಿದಳು, ಮೂಸಿದಳು, ಬಿಚ್ಚಿಟ್ಟ ಬೇರಿಂಗಿನ ಸವಕಳಿಯನ್ನು ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ಅಂಗಡಿಗೆ ಬಂದವರಿಗೆ ಅವಳು ಸುಮ್ಮನೆ ಡಬ್ಬಿ ಎತ್ತಿ ಕೊಟ್ಟದ್ದೇ ಇಲ್ಲ. ಎಷ್ಟು ಓಡಿದೆ, ಹೊಗೆ ಯಾವ ಬಣ್ಣ, ಸಾವಿರ ಕಿಲೋಮೀಟರಿಗೆ ಎಷ್ಟು ಎಣ್ಣೆ ಕುಡಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡಿನ ಎಣ್ಣೆ ದೀಪ ಆರಲು ಎಷ್ಟು ಹೊತ್ತು ಎಂದೆಲ್ಲ ಕೇಳುತ್ತಿದ್ದಳು. ಡಾಕ್ಟರಮ್ಮ ಎಂದು ಡ್ರೈವರುಗಳು ನಗುತ್ತಿದ್ದರು. ನಗುತ್ತಲೇ ಉತ್ತರ ಹೇಳುತ್ತಿದ್ದರು.

ಸೂರಪ್ಪನ ಬಳಿ ತೊಂಬತ್ತೊಂದರ ಡೀಸೆಲ್ ಅಂಬಾಸಿಡರ್ ಇತ್ತು. ಹರಿಹರದ ಬಸ್‌ಸ್ಟ್ಯಾಂಡಿನ ಎದುರು ಬಾಡಿಗೆಗೆ ನಿಲ್ಲಿಸುತ್ತಿದ್ದ. ಎಣ್ಣೆಗೆ ಮಾತ್ರ ದಾವಣಗೆರೆಗೇ ಬರುತ್ತಿದ್ದ. ಒಮ್ಮೆ ಪೇಪರಿನಲ್ಲಿ ಜಾಹೀರಾತು ನೋಡಿಕೊಂಡು ಬಂದು, "ಅಕ್ಕಾ, ಹೊಸ ನಮೂನೆ ತೆಳು ಎಣ್ಣೆ ಬಂದೈತಂತೆ. ಮೈಲೇಜ್ ಜಾಸ್ತಿ ಅಂತೆ. ಅದನ್ನೇ ಕೊಡು," ಎಂದ.

"ಅದು ಹೊಸ ಗಾಡಿಗೆ. ನಿನ್ನ ಇಂಜಿನ್ ಸವೆದೈತೆ. ಸಂದಿ ದೊಡ್ಡದಾಗ್ಯಾವೆ. ತೆಳು ಎಣ್ಣೆ ಅಲ್ಲಿ ನಿಲ್ಲಂಗಿಲ್ಲ, ಜಾರಿ ಹೋಗ್ತೈತೆ."

"ಹಂಗಾದ್ರೆ ಎಲ್ಲಕ್ಕಿಂತ ಮಂದ ಇರಾದು ಕೊಡು. ಸದ್ದಾದ್ರೂ ಅಡಗಲಿ."

"ಸದ್ದು ಅಡಗಸಾಕೆ ಎಣ್ಣೆ ಹಾಕ್ತಾರೇನೋ?" ಎಂದು ಅವಳು ಗದರಿದಳು. "ಸದ್ದು ಮಾಡ್ತೈತೆ ಅಂದ್ರೆ ಅದಕ್ಕೇನೋ ಆಗೈತೆ, ಹೇಳಾಕೆ ಹತ್ತೈತೆ. ಚಳಿಯಾಗೆ ಅಷ್ಟು ಮಂದ ಎಣ್ಣೆ ಮ್ಯಾಲೆ ಏರಾದ್ರೊಳಗೆ ಒಣಾ ಕಬ್ಬಿಣ ತಿಕ್ಕಾಡಿರ್ತೈತೆ. ಇಪ್ಪತ್ತು-ಐವತ್ತು ನಂಬರಿನ ಎಣ್ಣೆ ತಗಂಡು ಹೋಗು. ಐದು ಸಾವಿರ ಕಿಲೋಮೀಟರ್ ಕಾಯಬ್ಯಾಡ, ಮೂರು ಸಾವಿರಕ್ಕೇ ಇಳಿಸು. ಬದಲು ಮಾಡುವಾಗ ಒಳಗೆ ಏನೇನೋ ಹಾಕಿ ತೊಳಿಯಾಕೆ ಹೋಗಬ್ಯಾಡ. ವಯಸ್ಸಾದ ಇಂಜಿನ್ನಿನ ಕೊಳೆ ಒಮ್ಮೆಲೇ ಕಿತ್ತರೆ ದಾರಿ ಕಟ್ಟಿಕೊಳ್ತೈತೆ."

ಸೂರಪ್ಪ ಆ ಮಾತನ್ನು ಹದಿನೆಂಟು ವರ್ಷ ಮೀರಲಿಲ್ಲ.

*

ಹನ್ನೊಂದು ವರ್ಷದ ಹಿಂದೆ ಕಸ್ತೂರಮ್ಮನ ಎಡಗಣ್ಣಿನ ಪೊರೆ ತೆಗೆಸಿದರು. ಒಂದು ವಾರ ಅಂಗಡಿ ಕೊಟ್ಟೂರೇಶ್ ನೋಡಿಕೊಂಡ. ನಯನಾಳ ಮನೆಯವರೊಂದಿಗೆ ಮಾತುಕತೆ ನಡೆದಿದ್ದ ದಿನಗಳು ಅವು. ತಾನೂ ವ್ಯಾಪಾರ ಬಲ್ಲೆ ಎಂದು ತೋರಿಸಿಕೊಳ್ಳುವ ಆಸೆ ಅವನಿಗೆ. ವ್ಯಾನಿನಲ್ಲಿ ಬಂದವನೊಬ್ಬ ಇಪ್ಪತ್ತು ಡಬ್ಬಿ ಇಳಿಸಿದ. ಅಂಗಡಿಯಲ್ಲಿದ್ದ ಕಂಪನಿ ಡಬ್ಬಿಗಳದೇ ಬಣ್ಣ, ಅದೇ ಲೇಬಲ್ಲು, ಮುಚ್ಚಳಕ್ಕೆ ಸೀಲು. ಪೇಟೆಗಿಂತ ಅಗ್ಗ. ಬಿಲ್ಲು ಆಮೇಲೆ ಕಳಿಸುತ್ತೇನೆ ಎಂದ. ಮುಚ್ಚಳದ ಅಂಚಿನಲ್ಲಿ ಅಂಟು ಹೊರಗೆ ಬಂದಿದ್ದನ್ನು ಕೊಟ್ಟೂರೇಶ್ ನೋಡಿದ್ದ. ನೋಡಿಯೂ ಡಬ್ಬಿಗಳನ್ನು ಕಪಾಟಿಗೆ ಜೋಡಿಸಿದ್ದ.

ಅದರಲ್ಲಿ ಮೊದಲನೆಯದನ್ನು ಒಯ್ದವನು ಸೂರಪ್ಪ.

ನಾಲ್ಕನೇ ದಿನ ಹರಿಹರದ ಹೊಳೆ ಸೇತುವೆಗೆ ಇನ್ನೊಂದು ಫರ್ಲಾಂಗು ಇರುವಾಗ ಅಂಬಾಸಿಡರ್ ಒಮ್ಮೆ ಕಿರುಚಿ ನಿಂತಿತು. ಹಗ್ಗ ಕಟ್ಟಿ ಅಮ್ಜದನ ಗ್ಯಾರೇಜಿಗೆ ಎಳೆದುಕೊಂಡು ಬಂದರು. ಅಮ್ಜದ್ ಕೆಳಗೆ ಮಲಗಿ ಎಣ್ಣೆ ಚೇಂಬರಿನ ಬೋಲ್ಟ್ ಬಿಚ್ಚಿದ. ಕರೀ ನೀರಿನಂಥದ್ದು ಸುರಿಯಿತು. ಬೇರಿಂಗುಗಳು ಕರಗಿ ಕ್ರ್ಯಾಂಕಿಗೆ ಮೆತ್ತಿಕೊಂಡಿದ್ದವು.

ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡೇ ಕಸ್ತೂರಮ್ಮ ಆಟೋದಲ್ಲಿ ಬಂದಳು. ಬಗ್ಗಿ ತಟ್ಟೆಯಲ್ಲಿದ್ದ ಎಣ್ಣೆಗೆ ಎರಡು ಬೆರಳು ಅದ್ದಿ ತಿಕ್ಕಿದಳು. ಮೂಸಿದಳು. ಹಿಂದೆ ನಿಂತ ಮಗನನ್ನು ಒಂದೇ ಕಣ್ಣಿನಿಂದ ನೋಡಿದಳು. ಕೊಟ್ಟೂರೇಶ್ ಬಾಯಿ ತೆರೆದ.

"ಇದು ನಾನು ತರಿಸಿದ ಮಾಲು," ಎಂದಳು ಅವಳು. "ಆಪರೇಷನ್ನಿಗೆ ಹೋಗಾಕೆ ಮುಂಚೆ ನಾನೇ ಆರ್ಡರ್ ಕೊಟ್ಟಿದ್ದೆ. ಅಗ್ಗ ಸಿಕ್ತು ಅಂತ ತರಿಸಿದೆ. ತಪ್ಪು ನಂದು, ಸೂರಪ್ಪ. ಅಮ್ಜದ್, ಇಂಜಿನ್ ಬಿಚ್ಚು. ಪೂರಾ ನಾನು ಕಟ್ಟಿಸಿ ಕೊಡ್ತೀನಿ."

ಸೂರಪ್ಪ ಅವಳ ಕಾಲ ಹತ್ತಿರ ಉಗಿದ.

"ನೀನು ಮುಟ್ಟಿದ್ದು ಇನ್ನ ನನ್ನ ಗಾಡಿಗೆ ಬ್ಯಾಡ," ಎಂದ. "ನಿನ್ನನ್ನ ನಂಬಿದ್ನಲ್ಲಾ."

ಗಾಡಿ ಗುಜರಿಗೆ ಹೋಯಿತು. ಮನೆಗೆ ಬಂದ ಕಸ್ತೂರಮ್ಮ ಮಗನಿಗೆ ಹೇಳಿದ್ದು ಒಂದೇ ಮಾತು: "ಮದುವೆ ಮಾತು ನಡೀತಾ ಐತೆ, ಸುಮ್ಮನಿರು." ಆಮೇಲೆ ಆ ವಿಷಯ ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಮದುವೆಯಾದ ಮೇಲೆ ಹೇಳೋಣ ಎಂದುಕೊಂಡ, ಮಗಳು ಅಂಕಿತಾ ಹುಟ್ಟಿದ ಮೇಲೆ ಹೇಳೋಣ ಎಂದುಕೊಂಡ. ನಂತರ ವಿದ್ಯಾನಗರದಲ್ಲಿ ಮೊಬೈಲ್ ಅಂಗಡಿ ಹಾಕಿದ. ತಾಯಿ ದಿನಾ ಒಂಬತ್ತಕ್ಕೆ ಬಾಗಿಲು ತೆರೆದು ಏಳಕ್ಕೆ ಮುಚ್ಚುತ್ತಿದ್ದಳು. ಊರಿನ ಡ್ರೈವರುಗಳು ಯಾರೂ ಬರುತ್ತಿರಲಿಲ್ಲ. ಹೆದ್ದಾರಿಯಲ್ಲಿ ಹಾದುಹೋಗುವ ಪರ ಊರಿನವರು ಬರುತ್ತಿದ್ದರು, ಅವಳ ಪ್ರಶ್ನೆಗಳಿಗೆ ಬೇಸತ್ತು, ಕೊಡೋದಾದ್ರೆ ಕೊಡು ಎನ್ನುತ್ತಿದ್ದರು.

*

ಕೊಂಡಜ್ಜಿ ಊರಿನ ಕೆರೆಯ ಬಳಿ ಕಸ್ತೂರಮ್ಮನ ಗಂಡನ ಸಮಾಧಿ ಇತ್ತು. ಅದರ ಪಕ್ಕದಲ್ಲೇ ಗುಣಿ ತೋಡಲು ಬೆಳಿಗ್ಗೆಯೇ ಇಬ್ಬರನ್ನು ಕಳಿಸಿದ್ದರು. ನೆಲದಲ್ಲಿ ಕಲ್ಲು ಸಿಕ್ಕು ಕೆಲಸ ತಡವಾಗಿತ್ತು. ಹೆಣವನ್ನು ಬೇವಿನ ಮರದ ನೆರಳಿಗೆ ಇಳಿಸಿ, ಹೆಂಗಸರು ಸುತ್ತ ಕೂತರು.

ಜನ ತುಂಬಿದ ಟೆಂಪೋದಲ್ಲಿ ಸೂರಪ್ಪನೂ ಬಂದಿದ್ದ. ಕೆರೆ ಏರಿಯ ಮೇಲೆ ಒಬ್ಬನೇ ಕೂತಿದ್ದ. ಕೊಟ್ಟೂರೇಶ್ ನೀರಿನ ಬಾಟಲಿ ಹಿಡಿದು ಅಲ್ಲಿಗೆ ಹೋದ.

"ನೀರು ಕುಡೀರಿ, ಸೂರಣ್ಣ."

ಸೂರಪ್ಪ ಬಾಟಲಿ ಈಸಿಕೊಂಡು ಕುಡಿದ. ಬಾಯಿ ಒರೆಸಿಕೊಂಡ.

"ಬರಬಾರದು ಅಂದಿದ್ದೆ," ಎಂದ. "ಗೇಟಿನಾಗೆ ಕೂತು ಯೋಚನೆ ಮಾಡಿದೆ. ನನಗೂ ಅರವತ್ತಾರು ಆತು. ಸತ್ತೋರ ಮ್ಯಾಲೆ ಎಂಥಾ ಹಗೆ? ಮನುಷ್ಯ ಅಂದ ಮ್ಯಾಲೆ ಒಂದು ಸಲ ತಪ್ಪು ಆಗ್ತೈತೆ. ಮಣ್ಣಿಗೆ ಇಳಿಸಾ ಮುಂಚೆ, ಹೋಗಿ ಬಾ ಅಕ್ಕಾ, ನನ್ನ ಮನಸಿನಾಗೆ ಏನೂ ಇಲ್ಲ ಅಂತ ಹೇಳಿ ಕೈ ಮುಗಿದು ಹೋಗಾಣ ಅಂತ ಬಂದೆ."

ಕೊಟ್ಟೂರೇಶ್ ಅವನ ಪಕ್ಕ ಕೂತ. ಸುಮ್ಮನಿದ್ದರೆ ಎಲ್ಲ ಇಲ್ಲಿಗೇ ಮುಗಿಯುತ್ತಿತ್ತು. ತಾಯಿಯನ್ನು ಕ್ಷಮಿಸಿ, ಹೂಳಿ, ಜನ ಟೆಂಪೋ ಹತ್ತುತ್ತಿದ್ದರು. ಬೊಮ್ಮಣ್ಣನ ಮಾತು ನೆನಪಾಯಿತು: ಒಂದೇ ಒಂದು ತಪ್ಪು.

"ಅವ್ವ ಮಾಡಿದ್ದಲ್ಲ, ಸೂರಣ್ಣ."

"ಏನು?"

"ಆ ನಕಲಿ ಡಬ್ಬಿ ತಗಂಡಿದ್ದು ನಾನು. ವ್ಯಾನಿನವನ ಹತ್ರ. ಅವ್ವಗೆ ಗೊತ್ತೇ ಇರಲಿಲ್ಲ. ಆಸ್ಪತ್ರೆಯಾಗೆ ಇದ್ಲು. ಸೀಲು ಸರಿ ಇರಲಿಲ್ಲ, ನೋಡಿದ್ದೆ. ನೋಡಿನೂ ನಿಮಗೆ ಕೊಟ್ಟೆ. ನನ್ನ ಹೆಸರು ಕೆಡಬಾರದು ಅಂತ ಅವ್ವ ತನ್ನ ಮ್ಯಾಲೆ ಹಾಕ್ಕೊಂಡ್ಲು."

ಸೂರಪ್ಪ ಅವನತ್ತ ತಿರುಗಲಿಲ್ಲ. ಕೆರೆಯ ನೀರನ್ನೇ ನೋಡುತ್ತಿದ್ದ. ಕೈಯಲ್ಲಿದ್ದ ಬಾಟಲಿ ಓರೆಯಾಗಿ, ನೀರು ಪ್ಯಾಂಟಿನ ಮೇಲೆ ಸುರಿಯುತ್ತಿತ್ತು.

"ಹೊಡೀರಿ ಸೂರಣ್ಣ, ಬೈರಿ," ಎಂದ ಕೊಟ್ಟೂರೇಶ್. "ಏನಾದ್ರೂ ಅನ್ರಿ."

ಸೂರಪ್ಪ ಬಾಟಲಿಯ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟ.

"ಹೋದ ವರ್ಷ ಶ್ರಾವಣದಾಗೆ ಸಿಟಿ ಬಸ್ಸಿನಾಗೆ ಕೂತಿದ್ದೆ. ಪಕ್ಕದ ಸೀಟು ಖಾಲಿ ಇತ್ತು. ನಿಮ್ಮವ್ವ ಹತ್ತಿದ್ಲು, ಬಂದು ಕೂತ್ಲು. 'ಆರಾಮಿದೀಯಾ ಸೂರಪ್ಪ' ಅಂದ್ಲು. ನಾನು ಎದ್ದು ನಿಂತ್ಕಂಡೆ. ಗುಂಡಿ ಸರ್ಕಲ್ ತಂಕ ನಿಂತೇ ಹೋದೆ. ಬಸ್ಸಿನಾಗಿದ್ದ ಮಂದಿ ಎಲ್ಲಾ ನೋಡ್ತಿದ್ರು. ಆ ಯಮ್ಮ ತಲೆ ಬಗ್ಗಿಸಿಕೊಂಡು ಖಾಲಿ ಸೀಟಿನ ಮ್ಯಾಲೆ ಕೈ ಇಟ್ಕಂಡು ಕೂತಿದ್ಲು."

"ಸೂರಣ್ಣ..."

"ಹೋದ ವರ್ಷನಾದ್ರೂ ಹೇಳಬೇಕಿತ್ತಲ್ಲೋ. ನಿನ್ನೆ ಬೆಳಿಗ್ಗೆ ಹೇಳಿದ್ರೂ ಆಗ್ತಿತ್ತು. ಹೋಗಿ ಕಾಲು ಹಿಡೀತಿದ್ದೆ." ಅವನು ಈಗ ಕೊಟ್ಟೂರೇಶ್‌ನ ಮುಖ ನೋಡಿದ. ಆ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಅದನ್ನು ನೋಡುವುದು ಸಿಟ್ಟಿಗಿಂತ ಕಷ್ಟವಾಗಿತ್ತು. "ನಿನ್ನ ಹೊರೆ ನೀನು ಇಳಿಸಿಕೊಂಡಿ. ನಾನು ಉಗಿದಿದ್ದನ್ನ ಈಗ ಯಾರ ಮುಂದೆ ಹೋಗಿ ಹೇಳ್ಲಿ?"

ಕೆಳಗಿನಿಂದ ನಾಗರಾಜಪ್ಪ ಕೂಗಿದ: "ಕೊಟ್ರೇಶಾ, ಬಾರೋ! ಅಯ್ನೋರು ಕರೀತಾರೆ!"

*

ಅಯ್ನೋರ ಮಂತ್ರ ಮುಗಿಯಿತು. ಇಬ್ಬರು ಗುಣಿಯೊಳಗೆ ನಿಂತು ಕಸ್ತೂರಮ್ಮನನ್ನು ಅದರ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂಡಿಸಿದರು. ಸುತ್ತ ವಿಭೂತಿ ಗಟ್ಟಿಗಳನ್ನು ಇಟ್ಟರು, ಬಿಲ್ವಪತ್ರೆ ಸುರಿದರು. ಕೊಟ್ಟೂರೇಶ್ ಮೂರು ಹಿಡಿ ಮಣ್ಣು ಹಾಕಿದ. ನಯನಾ ಹಾಕಿದಳು, ಅಂಕಿತಾಳ ಪುಟ್ಟ ಕೈ ಹಿಡಿದು ಅವಳಿಂದಲೂ ಹಾಕಿಸಿದಳು. ನಾಗರಾಜಪ್ಪ, ಅಮ್ಜದ್, ಬೊಮ್ಮಣ್ಣ, ಒಬ್ಬರಾದ ಮೇಲೊಬ್ಬರು ಹಾಕಿದರು.

ಸೂರಪ್ಪ ಕೈ ಮುಗಿಯಲಿಲ್ಲ. ಅಂದುಕೊಂಡು ಬಂದ ಮಾತನ್ನು ಹೇಳಲೂ ಇಲ್ಲ. ಗುಣಿ ತೋಡಿದವನ ಕೈಯಿಂದ ಸಲಿಕೆ ಕಿತ್ತುಕೊಂಡು ಮಣ್ಣು ಎಳೆಯತೊಡಗಿದ.

"ನೀನ್ಯಾಕಪ್ಪ, ಅವ್ರು ಮುಚ್ತಾರೆ ಬಿಡು," ಎಂದ ನಾಗರಾಜಪ್ಪ.

ಅವನು ಬಿಡಲಿಲ್ಲ. ಬೆನ್ನಿಗೆ ನೀಲಿ ಅಂಗಿ ಅಂಟಿಕೊಂಡಿತು. ಏದುಸಿರು ಬಂದರೂ ನಿಲ್ಲಿಸಲಿಲ್ಲ. ಅಮ್ಜದ್ ಹೋಗಿ ಭುಜ ಹಿಡಿದರೆ ಸೂರಪ್ಪ ಅವನ ಕೈಯನ್ನೂ ಕೊಡವಿದ.

"ಇವನಿಗೇನಾತೋ," ಎಂದು ಬೊಮ್ಮಣ್ಣ ಕೊಟ್ಟೂರೇಶ್‌ನನ್ನು ಕೇಳಿದ. "ನೀನು ಏನಂದಿ ಅವಗೆ?"

"ಹೇಳ್ತೀನಿ, ಬೊಮ್ಮಣ್ಣ. ಎಲ್ಲಾರಿಗೂ ಹೇಳ್ತೀನಿ," ಎಂದ ಕೊಟ್ಟೂರೇಶ್. ನಯನಾ ಅವನ ಮುಖವನ್ನೇ ನೋಡಿದಳು.

ಗುಣಿ ತುಂಬಿ ದಿಬ್ಬವಾಯಿತು. ಜನ ಕೆರೆಯಲ್ಲಿ ಕೈಕಾಲು ತೊಳೆದುಕೊಂಡು ಟೆಂಪೋದ ಕಡೆ ನಡೆದರು. ಡ್ರೈವರ್ ಹಾರನ್ ಹೊಡೆದ. ಸೂರಪ್ಪ ಸಲಿಕೆ ಕೆಳಗಿಟ್ಟು ದಿಬ್ಬದ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಅಕ್ಕನ ಮೇಲೆ ಕಲ್ಲಿನ ಭಾರ ಬೇಡವೆಂಬಂತೆ ಹಸಿ ಮಣ್ಣಿನಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ, ಪಕ್ಕದಲ್ಲಿ ಸದ್ದಾಗದಂತೆ ಇಡತೊಡಗಿದ.

ಕೊಟ್ಟೂರೇಶ್ ಹಿಂದಕ್ಕೆ ಬಂದು ಎದುರಿಗೆ ಮಂಡಿಯೂರಿದ. ಒಂದು ಕಲ್ಲಿಗೆ ಕೈ ಹಾಕಿದ. ಸೂರಪ್ಪ ತಲೆ ಎತ್ತಲಿಲ್ಲ. ಮಣ್ಣು ಮೆತ್ತಿದ ಬೆರಳುಗಳಿಂದ ಆ ಕೈಯನ್ನು ಬದಿಗೆ ಸರಿಸಿ, ಕಲ್ಲನ್ನು ತಾನೇ ಎತ್ತಿಕೊಂಡ.