ಎರಡು ವಾರದ ರಕ್ತ

ಸೆವೆರಿನೋ ಊರಿನಿಂದ ಬಂದದ್ದು ಒಂಬತ್ತು ದಿನ ತಡವಾಗಿ. ಸೋಮವಾರ ಬೆಳಗಿನ ಐದಕ್ಕೆ ಬಸ್ಸು ಬ್ಯೂನಸ್ ಐರಿಸ್ ಮುಟ್ಟಿತು. ಚೀಲವನ್ನು ಬಾಡಿಗೆ ಕೋಣೆಯಲ್ಲಿ ಎಸೆದು, ಮುಖಕ್ಕೆ ನೀರು ಹಾಕಿಕೊಂಡು, ಏಳಕ್ಕೆಲ್ಲ ಅವನು ಕೆಲಸದ ಕಟ್ಟಡದ ಮುಂದಿದ್ದ. ಒಳಗೆ ಅವನು ಗಾರೆ ಮೆತ್ತುವ ಕರಣೆ ಬೇರೆಯವನ ಕೈಯಲ್ಲಿತ್ತು.

ಹಿಡಿದಿದ್ದವನು ಅನಸ್ತಾಸಿಯೋ. ಪರಾಗ್ವೇಯವನು, ಬಾಗಿಲಗಲದ ಆಳು, ಒಂದು ತಿಂಗಳ ಹಿಂದೆ ಇದೇ ಸೆವೆರಿನೋಗೆ ಗಾರೆ ಹೊತ್ತು ಕೊಡುತ್ತಿದ್ದವನು. ಅವನು ಕಣ್ಣು ತಪ್ಪಿಸಿ ಇಟ್ಟಿಗೆ ಸಾಲಿನತ್ತ ತಿರುಗಿಕೊಂಡ. ಮೇಸ್ತ್ರಿ ಬ್ರುನೆಲ್ಲಿಗೆ ಅಂಥ ಸಂಕೋಚವೇನೂ ಇರಲಿಲ್ಲ.

"ಮೂರು ವಾರ ಅಂದಿದ್ದೆ. ನೀನು ಬರೋವರ್ಗೂ ಗೋಡೆ ಕಾಯ್ತಾ ಕೂತಿರುತ್ತೇನೋ?"

ರೈತರು ಗಡಿಯವರೆಗೂ ರಸ್ತೆಗೆ ಕಲ್ಲು ಪೇರಿಸಿ ಕೂತಿದ್ದರು, ಬಸ್ಸೇ ಇರಲಿಲ್ಲ, ಮೂರು ದಿನ ಚೀಲ ಹೊತ್ತು ನಡೆದೆ ಎಂದು ಸೆವೆರಿನೋ ಹೇಳಿದ. ಬೊಲಿವಿಯಾದಲ್ಲಿ ಯಾವತ್ತು ರಸ್ತೆ ತೆರೆದಿತ್ತು ಹೇಳು ಎಂದು ಬ್ರುನೆಲ್ಲಿ ನಕ್ಕ. "ಬಕೆಟ್ ಹೊರೋದಾದ್ರೆ ಹೊರು. ಇಲ್ಲಾಂದ್ರೆ ಗೇಟು ಅಲ್ಲಿದೆ."

ಸೆವೆರಿನೋ ಬಕೆಟ್ ಎತ್ತಿಕೊಂಡ. ಈ ನಗರದಲ್ಲಿ ಅವನಿಗೆ ಬಕೆಟ್ಟಿನಿಂದ ಕರಣೆಗೆ ಬರಲು ನಾಲ್ಕು ವರ್ಷ ಹಿಡಿದಿತ್ತು. ಕರಣೆ ಹಿಡಿದವನನ್ನು ಹೆಸರು ಹಿಡಿದು ಕರೆಯುತ್ತಾರೆ. ಬಕೆಟ್ ಹೊರುವವನು ಬರೀ 'ಬೋಲಿತಾ'. ಬೊಲಿವಿಯಾದಿಂದ ಬಂದ ಎಲ್ಲರಿಗೂ ಇಲ್ಲಿ ಅದೊಂದೇ ಹೆಸರು. ಮಧ್ಯಾಹ್ನದೊಳಗೆ ಅವನು ಅದನ್ನು ಹನ್ನೆರಡು ಸಲ ಕೇಳಿದ್ದ.

ಅವನು ಊರಿಗೆ ಹೋಗಿದ್ದು ತಂಗಿ ಬೆನಿತಾಳ ಮಗುವಿನ ಜವಳಕ್ಕೆ. ಮೊದಲ ಎಳೆ ಕೂದಲು ಕತ್ತರಿಸಬೇಕಾದ ಸೋದರಮಾವ ಇವನೇ. ಊರು ಯಯಾಗುವಾ, ಹಳೆಯ ತವರದ ಗಣಿಗಳ ಊರು, ಸಮುದ್ರಮಟ್ಟಕ್ಕಿಂತ ನಾಲ್ಕು ಸಾವಿರ ಮೀಟರ್ ಮೇಲೆ. ಆರು ವರ್ಷದ ಮೇಲೆ ಮನೆಯ ಏರು ಹತ್ತಿದವನಿಗೆ ಅರ್ಧದಲ್ಲೇ ಉಸಿರು ನಿಂತಂತಾಗಿ, ಮಗುವಿಗೆ ತಂದ ಕಂಬಳಿ ತೊಡೆಯ ಮೇಲಿಟ್ಟುಕೊಂಡು ಮಣ್ಣಿನಲ್ಲೇ ಕೂತುಬಿಟ್ಟಿದ್ದ. ತಂಗಿಯ ಗಂಡ ಇಡೀ ಓಣಿಗೆ ಕೇಳುವಂತೆ ಕೂಗಿದ್ದ: "ಸಮುದ್ರದ ಮೀನು ಬಂದಿದೆ ಕಣ್ರಪ್ಪಾ, ಯಾರಾದ್ರೂ ಒಂದು ಬಕೆಟ್ ನೀರು ತನ್ನಿ." ನಾಲ್ಕು ದಿನ ಅವನಿಗೆ ಕುಣಿಯಲಾಗಲಿಲ್ಲ. ಬೆನ್ನಿಗೆ ಆಲೂಗಡ್ಡೆ ಕಟ್ಟಿಕೊಂಡ ಮುದುಕಿಯರು ಅವನನ್ನು ದಾಟಿ ಹೋಗುತ್ತಿದ್ದರು.

ಬೆನಿತಾ ಗಣಿ ಕಾಲೋನಿಯ ದವಾಖಾನೆಯಲ್ಲಿ ಜನರ ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡುವವಳು. ಅವನು ಊರು ಮುಟ್ಟಿದ ವಾರವೇ ಅಣ್ಣನ ಬೆರಳನ್ನೂ ಚುಚ್ಚಿ ನೋಡಿ ತುಟಿ ಕೊಂಕಿಸಿದ್ದಳು. ಹೊರಡುವ ದಿನ ಮತ್ತೊಮ್ಮೆ ಚುಚ್ಚಿದಳು.

"ಈಗ ನಮ್ಮವನಾದೆ ಅಣ್ಣಾ, ಇಲ್ಲಿಯ ತೆಳುಗಾಳಿಗೆ ರಕ್ತ ಗಟ್ಟಿಯಾಗಿದೆ. ಕೆಳಗೆ ಹೋದ್ಮೇಲೂ ಎರಡು ವಾರ ಹಿಂಗೇ ಇರುತ್ತೆ. ಆಮೇಲೆ ಅಲ್ಲಿಯವರ ಥರಾನೇ, ನೀರು."

ಆ ಮಾತು ಅವನಿಗೆ ನೆನಪಾದದ್ದು ಸೋಮವಾರ ಸಂಜೆ. ಬಕೆಟ್ ಹೊತ್ತು ನಾಲ್ಕನೆಯ ಮಹಡಿಗೆ ಹೋದವನಿಗೆ ಏದುಸಿರೇ ಬರಲಿಲ್ಲ. ಪರೀಕ್ಷಿಸೋಣವೆಂದು ಇಳಿದು, ಇನ್ನೊಂದು ಹೊತ್ತು, ಈ ಸಲ ಓಡಿದ. ಈ ನಗರದ ಒದ್ದೆ ಗಾಳಿ ಸಾರಿನ ಹಾಗೆ ಎದೆಗಿಳಿಯುತ್ತಿತ್ತು. ಉಳಿದವರು ಎರಡನೆಯ ಮಹಡಿಯಲ್ಲಿ ನಿಂತು ಬಕೆಟ್ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದರು. ಅವನು ದಣಿವಿಗೆಂದು ಊರಿನವರು ಅಗಿಯುವ ಕೋಕಾ ಎಲೆಯ ಉಂಡೆಯನ್ನು ದವಡೆಗೆ ಒತ್ತಿಕೊಂಡು ಮುಂದಿನ ಎರಡು ದಿನ ತೆಪ್ಪಗೆ ಹೊತ್ತ.

ಗುರುವಾರ ನಾಲ್ಕನೆಯ ಮಹಡಿಯ ಮೇಲಿನ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ದಿನ. ಒಮ್ಮೆ ಶುರುಮಾಡಿದರೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಹಳೆಯದಕ್ಕೆ ಹೊಸದು ಕಚ್ಚುವುದಿಲ್ಲ, ಎಂಜಿನಿಯರ್ ಬಂದು ಎಲ್ಲ ಒಡೆಸುತ್ತಾನೆ, ಮೇಸ್ತ್ರಿಯ ಹೆಸರು ಮಣ್ಣುಪಾಲು. ಹನ್ನೆರಡೂವರೆಗೆ, ಮುಕ್ಕಾಲು ಸ್ಲ್ಯಾಬ್ ತುಂಬಿದ್ದಾಗ, ಬಕೆಟ್ ಎತ್ತುವ ಯಂತ್ರ ಒಂದಿಷ್ಟು ಹೊಗೆ ಬಿಟ್ಟು ನಿಂತಿತು. ರಿಪೇರಿಯವನು ಫೋನಿನಲ್ಲಿ ಐದು ಗಂಟೆಗೆ ಮೊದಲು ಆಗದು ಎಂದ. ಬ್ರುನೆಲ್ಲಿ ಹಾಸಿನ ಅಂಚಿಗೆ ಬೆರಳು ಒತ್ತಿ ನೋಡಿದ. ಗಟ್ಟಿಯಾಗಲು ಹೆಚ್ಚೆಂದರೆ ಇನ್ನೆರಡು ಗಂಟೆ. ನೂರೈವತ್ತು ಬಕೆಟ್ ಬಾಕಿ.

ಮೆಟ್ಟಿಲ ಮೇಲೆ ಹೊರಬೇಕು ಎಂದ. ಯಾರೂ ಮಿಸುಕಲಿಲ್ಲ. ಆಳಿಗೆ ಹದಿನೈದು ಬಂದರೂ ಸಾಲದು ಎಂದು ಎಲ್ಲರ ಮುಖದಲ್ಲೂ ಇತ್ತು.

ಸೆವೆರಿನೋ ಮುಂದೆ ಬಂದ. "ಬೇರೆಯವರು ಒಂದು ಹೊರೋದ್ರಲ್ಲಿ ನಾನು ಎರಡು ಹೊರ್ತೀನಿ ಮೇಸ್ತ್ರೀ. ನಾಳೆ ಬೆಳಗ್ಗೆ ನನ್ನ ಕರಣೆ ನನಗೆ ಬೇಕು."

"ಎರಡಾ? ತಲೆ ನೆಟ್ಟಗಿದೆಯಾ?"

"ಒಂದು ಕಮ್ಮಿಯಾದ್ರೆ ನಾನೇ ಗೇಟು ದಾಟ್ತೀನಿ. ಎಲ್ಲರ ಮುಂದೆ ಹೇಳ್ತಿದೀನಿ, ನೀವೂ ಎಲ್ಲರ ಮುಂದೆ ಹೇಳಿ."

ಬ್ರುನೆಲ್ಲಿ ಗಡಿಯಾರ ನೋಡಿ, ಆಗಲಿ ಎಂದ.

ಅನಸ್ತಾಸಿಯೋ ಮೇಲಿನಿಂದ ಇಳಿದು ಬಂದು ತಾನೂ ಒಂದು ಬಕೆಟ್ ತೆಗೆದುಕೊಂಡ. ಸುಮ್ಮನೆ ಬಿಟ್ಟುಕೊಡುವವನಲ್ಲ, ಬಿಟ್ಟುಕೊಡಬೇಕಾಗಿಯೂ ಇರಲಿಲ್ಲ. ಮಿಕ್ಸರಿನವನು ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕತೊಡಗಿದ.

ಮೊದಲ ಎಂಟು ಬಕೆಟ್ಟಿನವರೆಗೆ ಇಬ್ಬರೂ ಸಮಸಮ. ಅನಸ್ತಾಸಿಯೋ ಎತ್ತಿನ ಹಾಗೆ ತಲೆ ತಗ್ಗಿಸಿ, ಒಂದು ಹೆಜ್ಜೆಗೆ ಎರಡು ಮೆಟ್ಟಿಲು ಏರುತ್ತಿದ್ದ. ಸೆವೆರಿನೋ ಗಣಿಯೂರಿನವರು ಏರು ಹತ್ತುವಂತೆ ಸಣ್ಣ ಹೆಜ್ಜೆಯಲ್ಲಿ, ಎಲ್ಲೂ ನಿಲ್ಲದೆ ಹೋದ. ಹೆಗಲು ಕಿತ್ತು ರಕ್ತ ಬಂತು. ತೊಡೆ ನಡುಗಿತು. ಉಸಿರು ಮಾತ್ರ ಕೈಕೊಡಲಿಲ್ಲ. ಹನ್ನೆರಡನೆಯದಕ್ಕೆ ಅನಸ್ತಾಸಿಯೋನ ಮುಖ ಬೀಟ್‌ರೂಟಾಗಿತ್ತು. ಹದಿನೈದನೆಯದನ್ನು ಮೇಲೆ ಸುರಿದು ಇಳಿಯುವಾಗ ಎರಡನೆಯ ಮಹಡಿಯಲ್ಲಿ ಕೂತು ಬೆಳಗಿನದನ್ನೆಲ್ಲ ಕಾರಿಕೊಂಡ. ಸೆವೆರಿನೋ ತನ್ನ ಇಪ್ಪತ್ತಾರನೆಯದನ್ನು ಹೊತ್ತು ಅವನ ಕಾಲು ದಾಟಿ ಹೋದ. ಅಯ್ಯೋ ಅನ್ನಿಸಲಿಲ್ಲ. ಅನ್ನಿಸಲು ಪುರುಸೊತ್ತಿರಲಿಲ್ಲ.

ಎರಡೂವರೆಗೆ ಐದು ನಿಮಿಷ ಇರುವಾಗ ಕೊನೆಯ ಬಕೆಟ್ ಬಿತ್ತು. ಉಳಿದವರಿಗೆ ಹದಿನಾಲ್ಕು, ಹೆಚ್ಚೆಂದರೆ ಹದಿನೈದು ಗೀಟು. ಸೆವೆರಿನೋನ ಹೆಸರಿಗೆ ಮೂವತ್ತೊಂದು. ಬ್ರುನೆಲ್ಲಿ ಗೀಟುಗಳನ್ನು ಎರಡು ಸಲ ಎಣಿಸಿದ. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡ.

ಸ್ಲ್ಯಾಬ್ ಮುಗಿದ ಸಂಜೆ ಮೇಸ್ತ್ರಿ ಎಲ್ಲರಿಗೂ ಮಾಂಸ ಸುಡಿಸುವುದು ಇಲ್ಲಿ ಪದ್ಧತಿ. ಕೆಂಡದ ಸುತ್ತ ಕೂತವರೆಲ್ಲ ಅದು ಸೆವೆರಿನೋ ಅಗಿಯುವ ಎಲೆಯ ಮಹಿಮೆಯೆಂದು ತೀರ್ಮಾನಿಸಿದ್ದರು. ನಮಗೂ ಕೊಡು ಎಂದು ಕೈ ಚಾಚಿದರು. ಅವನು ಚೀಲ ಬರಿದಾಗುವಷ್ಟು ಹಂಚಿದ. ಅರ್ಧ ಗಂಟೆಯಲ್ಲಿ ಎಲ್ಲರ ಕೆನ್ನೆ ಜೋಮು ಹಿಡಿದು, ಒಬ್ಬ ಮಾಂಸದ ಜೊತೆ ತನ್ನ ನಾಲಿಗೆಯನ್ನೂ ಕಚ್ಚಿಕೊಂಡ.

ಬ್ರುನೆಲ್ಲಿ ಚಾಕುವಿನ ತುದಿಯಲ್ಲಿ ದೊಡ್ಡ ಪಕ್ಕೆಲುಬು ಎತ್ತಿದ. "ಸೆವೆರಿನೋ, ತಟ್ಟೆ ತಾ. ಇದು ನಿಂಗೆ."

ಸೆವೆರಿನೋ ನಿಧಾನವಾಗಿ ಎದ್ದು, ಎಲ್ಲರಿಗೂ ಕಾಣುವಂತೆ ಕೆಂಡದ ಆಚೆ ಬದಿಯಿಂದ ಸುತ್ತಿ ಬಂದು ತಟ್ಟೆ ಹಿಡಿದ.

ಕತ್ತಲಾಗುವ ಮೊದಲು ಅನಸ್ತಾಸಿಯೋ ಕರಣೆಯನ್ನು ತೊಳೆದು ತಂದು ಹಿಡಿಯ ಕಡೆಯಿಂದ ಚಾಚಿದ. "ಎಲೆ ಗಿಲೆ ಅಲ್ಲ ಅದು. ನಂಗೂ ಕೊಟ್ಟೆಯಲ್ಲ, ಬಾಯಿ ಮರಗಟ್ಟಿತು ಅಷ್ಟೆ. ನಿಜ ಹೇಳು ಮಾರಾಯ."

ಸೆವೆರಿನೋ ನಿಜ ಹೇಳಿದ. ಊರಿನ ರಕ್ತ, ಇನ್ನು ಹತ್ತು ದಿನ ಇರುತ್ತದೆ, ನಿಮ್ಮೆಲ್ಲರ ಪುಣ್ಯಕ್ಕೆ ರಸ್ತೆ ಬಂದ್ ಆಗಿ ಅಲ್ಲೇ ಒಂಬತ್ತು ದಿನ ಹೆಚ್ಚು ಉಳಿದೆ ಎಂದ.

ಅನಸ್ತಾಸಿಯೋ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾದ್ರೆ ಹನ್ನೊಂದನೇ ದಿನ ಇನ್ನೊಂದ್ಸಲ ಓಡೋಣ."

"ನೀನು ಓಡು," ಎಂದ ಸೆವೆರಿನೋ. "ಅಷ್ಟೊತ್ತಿಗೆ ನಾನು ಗೋಡೆ ಕಟ್ತಿರ್ತೀನಿ."

ಮೂರನೆಯ ವಾರ ಒಂದು ಬೆಳಿಗ್ಗೆ ಬರಿಗೈಯಲ್ಲಿ ಮೆಟ್ಟಿಲು ಹತ್ತುವಾಗಲೇ ಅವನಿಗೆ ಏದುಸಿರು ಬಂತು. ನಿಂತ, ಸುಧಾರಿಸಿಕೊಂಡ, ಹತ್ತಿದ. ಐದನೆಯ ಮಹಡಿಯಲ್ಲಿ ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಬ್ರುನೆಲ್ಲಿ ಅದರ ಮೇಲೆ ರಸಮಟ್ಟ ಇಟ್ಟು ಬಗ್ಗಿ ನೋಡಿದ. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿತ್ತು; ಸಾಲು ಸಮ. ಅವನು ರಸಮಟ್ಟ ಎತ್ತಿಕೊಂಡು ಕೆಳಗಿಳಿದು ಹೋದ. ಸೆವೆರಿನೋ ಮುಂದಿನ ಸಾಲಿಗೆ ದಾರ ಎಳೆದು ಕಟ್ಟಿ, ಗಾರೆ ತರಲು ಕೂಗಿದ.