ಪೂಜೆಯ ಹಿಂದಿನ ದಿನದ ನಕಲು

ಕಳ್ಳಿ ಎಂದು ಹೊಸಪೇಟೆಯ ಆಫೀಸಿನ ಯಾವ ಬಾಗಿಲಿನಿಂದ ದಬ್ಬಿದ್ದರೋ ಅದೇ ಬಾಗಿಲಿಗೆ ಈಗ ಕಾರು ಕಳಿಸಿ ಕರೆಸಿಕೊಂಡರಲ್ಲ, ತ್ರಿವೇಣಿಯ ಹೊಟ್ಟೆಯ ಉರಿ ಅಷ್ಟಕ್ಕೇ ಅರ್ಧ ಆರಿತು. ಹೋದ ವರ್ಷ ಸಂಡೂರಿನ ಗಣಿಯಲ್ಲಿ ಲಾರಿಗಳ ತೂಕ ಯಾರೋ ತಿದ್ದಿ ಅದಿರು ಹೊಡೆದಿದ್ದರು. ಮ್ಯಾನೇಜರ್ ಕೊಟ್ರಯ್ಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಇವಳ ಕಡೆ ಬೆರಳು ತೋರಿಸಿದ. ಕೀಬೋರ್ಡ್ ಮುಟ್ಟಲೂ ಬಿಡದೆ ಅಂದೇ ಹೊರಗೆ ಹಾಕಿದರು. ಅಷ್ಟು ಸಾಲದೆಂದು ಕೊಟ್ರಯ್ಯ ಕಂಪ್ಲಿಯಲ್ಲಿದ್ದ ಅವಳ ಅಪ್ಪನಿಗೂ ಫೋನ್ ಮಾಡಿ ಹೇಳಿದ, ಪುಣ್ಯಾತ್ಮ. ಅಪ್ಪ ಅಂದಿನಿಂದ ಮಗಳ ಜೊತೆ ಮಾತು ಬಿಟ್ಟಿದ್ದ.

ಈಗ ನೋಡಿ ಕೊಟ್ರಯ್ಯನ ಫಜೀತಿ. ಬೆಳಿಗ್ಗೆ ಆಯುಧಪೂಜೆಗೆಂದು ಗುಡ್ಡದ ಮೇಲಿನ ತೂಕದ ಆಫೀಸಿಗೆ ಹೋಗಿ, ತೂಕದ ಲೆಕ್ಕವೆಲ್ಲ ಇರುವ ಸರ್ವರ್ ಕಂಪ್ಯೂಟರಿಗೆ ವಿಭೂತಿ ಬಳಿಯಲು ನಡೆಯುತ್ತಿದ್ದ ಯಂತ್ರದ ವೈರನ್ನೇ ಕಿತ್ತಿದ್ದ. ಮತ್ತೆ ಸಿಕ್ಕಿಸಿ, ಕುಂಬಳಕಾಯಿ ಒಡೆಸಿ, ಕೋಣೆಗೆ ಬೀಗ ಹಾಕಿ ಇಳಿದು ಬಂದ. ಡಿಸ್ಕಿನಲ್ಲಿದ್ದದ್ದೆಲ್ಲ ಕೆಟ್ಟು ಹೋಗಿತ್ತು. ಸಂಜೆ ಗೂಡ್ಸ್ ರೈಲಿಗೆ ಅದಿರು ತುಂಬಬೇಕು, ತೂಕದ ಚೀಟಿಯಿಲ್ಲದೆ ಒಂದು ಲಾರಿಯೂ ಗುಡ್ಡ ಇಳಿಯುವಂತಿರಲಿಲ್ಲ. ಪೂಜೆಯಾದ ಕೋಣೆಯನ್ನು ನಾಳೆಯವರೆಗೆ ತೆರೆಯಲು ಮಾಲೀಕ ಗಾದಿಲಿಂಗಪ್ಪ ಸುತರಾಂ ಒಪ್ಪಲಿಲ್ಲ. ಹೊಸಪೇಟೆಯ ಆಫೀಸಿನಲ್ಲಿ ಕೂತೇ ಸರಿಮಾಡಬೇಕಿತ್ತು.

ಪೂಜೆಯ ದಿನ ಇವರು ಏನಾದರೊಂದು ಎಡವಟ್ಟು ಮಾಡುತ್ತಾರೆಂದು ತ್ರಿವೇಣಿ ವರ್ಷವರ್ಷ ಅದರ ಹಿಂದಿನ ದಿನ ಇಡೀ ಡಿಸ್ಕಿನ ನಕಲು ತೆಗೆದು ಇಲ್ಲಿಡುತ್ತಿದ್ದಳು. ಅವಳು ಹೋದ ಮೇಲೆ ಯಾರೂ ತೆಗೆದಿರಲಿಲ್ಲ. ಉಳಿದಿದ್ದು ಹೋದ ವರ್ಷದ್ದು, ಅವಳ ಕೆಲಸ ಹೋಗುವುದಕ್ಕೆ ಒಂದು ವಾರ ಮುಂಚಿನದು. ಆಮೇಲಿನ ತೂಕಗಳು ದಿನವೂ ಇಲ್ಲಿಗೆ ಬರುತ್ತಿದ್ದುದರಿಂದ ಅವನ್ನು ಮತ್ತೆ ತುಂಬಬಹುದಿತ್ತು.

“ಅವತ್ತು ಹೆಂಗಿತ್ತೋ ಹಂಗ ಬರ್ತದ್ರಿ,” ಎಂದಳು ಕೊಟ್ರಯ್ಯನಿಗೆ. “ಆಮ್ಯಾಲ ಅಳಿಸಿದ್ದೂ ವಾಪಸ್ ಬರ್ತದ. ನಡೀತದೇನ್ರಿ?”

ಅವನ ಕಿವಿ ರೈಲಿನ ಕಡೆಗಿತ್ತು. ಏನಾದರೂ ಹಾಕು ತಾಯಿ, ಜಲ್ದಿ ಹಾಕು ಎಂದ.

ಗುಡ್ಡದ ಸರ್ವರ್ ಅನ್ನು ಇಲ್ಲಿಂದಲೇ ಎಬ್ಬಿಸಿ, ಕೆಟ್ಟ ಡಿಸ್ಕಿನ ಮೇಲೆ ಹಳೆಯ ನಕಲನ್ನು ಇಳಿಸಲು ಬಿಟ್ಟಳು. ಎರಡು ತಾಸು ಹಿಡಿಯಿತು. ಕೊಟ್ರಯ್ಯ ತಾನೇ ಚಹಾ ತಂದುಕೊಟ್ಟ. ತ್ರಿವೇಣಿ ಒಂದು ಹನಿ ಬಿಡದೆ ಕುಡಿದಳು.

ತೂಕದ ಚೀಟಿ ಬರತೊಡಗಿದ ಮೇಲೆ ಗಾದಿಲಿಂಗಪ್ಪನವರನ್ನು ತನ್ನ ಕುರ್ಚಿಯಲ್ಲಿ ಕೂರಿಸಿ ಒಂದು ಪಟ್ಟಿ ತೆರೆದಳು. ಯಾವ ಲಾರಿಯ ತೂಕವನ್ನು ಯಾರು, ಯಾವಾಗ ತಿದ್ದಿದರು ಎಂದು ಯಂತ್ರವೇ ಬರೆದುಕೊಂಡಿದ್ದ, ಈಗ ಹಳೆಯ ನಕಲಿನ ಜೊತೆ ವಾಪಸ್ ಬಂದಿದ್ದ ಪಟ್ಟಿ ಅದು. ಹನ್ನೊಂದು ಲಾರಿ. ಹನ್ನೊಂದಕ್ಕೂ ಕೊಟ್ರಯ್ಯನ ಹೆಸರು, ಕೊಟ್ರಯ್ಯನ ಕಂಪ್ಯೂಟರು. ಅಳಿಸಿದೆನೆಂದು ವರ್ಷವಿಡೀ ಹಾಯಾಗಿ ನಿದ್ದೆ ಮಾಡಿದ್ದ ಅವನು. ಮಾಡಿದ್ದುಣ್ಣೋ ಮಹರಾಯ!

ಗಾದಿಲಿಂಗಪ್ಪ ಪಟ್ಟಿಯನ್ನು ಎರಡು ಸಲ ಓದಿದರು. ತಪ್ಪಾಯಿತು, ನಾಳೆಯಿಂದ ಕೆಲಸಕ್ಕೆ ಬಾರಮ್ಮ ಎಂದರು.

“ನೌಕ್ರಿ ಬ್ಯಾಡ್ರಿ ಸಾವ್ಕಾರ್ರ. ಇವ್ರು ಯಾರ್ಯಾರಿಗೆ ಫೋನ್ ಮಾಡಿ ನನ್ನ ಕಳ್ಳಿ ಅಂದಾರೋ, ಅವ್ರಿಗೆಲ್ಲ ಈಗ ಇಲ್ಲೇ ಕುಂತು ಫೋನ್ ಹಚ್ಚಲಿ.”

ಮೊದಲ ನಂಬರನ್ನು ಅವಳೇ ಒತ್ತಿ ಫೋನನ್ನು ಅವನ ಮುಂದಿಟ್ಟಳು. ಆ ಕಡೆ ಅಪ್ಪ ಹಲೋ ಎಂದ. ಕೊಟ್ರಯ್ಯ ಫೋನಿನ ಹತ್ತಿರ ಬಗ್ಗಿ ತನ್ನ ಹೆಸರನ್ನು ಪಿಸುಗುಟ್ಟಿದ.

“ಜೋರಾಗಿ ಹೇಳ್ರಿ,” ಎಂದಳು ತ್ರಿವೇಣಿ. “ಅಪ್ಪಗ ಕಿವಿ ಮಂದ.”