ಎಡಗಡೆ ಸೀಟಿನ ಬ್ರೇಕು

“ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ಈ ಟೀ ನನ್ನ ಗಂಟಲಲ್ಲೇ ನಿಲ್ಲಲಿ ಸಾರ್,” ಎಂದು ಆಣೆ ಇಟ್ಟು ಒಂದು ಗುಟುಕು ಕುಡಿದೆ. ಟೀ ಸಲೀಸಾಗಿ ಇಳಿಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಲೈಸೆನ್ಸ್ ಇನ್ಸ್‌ಪೆಕ್ಟರು ಮಾತ್ರ ತಮ್ಮ ಗ್ಲಾಸನ್ನು ಊದುತ್ತಾ ನಿಂತಿದ್ದರು. ನಾವಿದ್ದದ್ದು ಬೆಟ್ಟದೂರಿನ ಟೆಸ್ಟ್ ಮೈದಾನದ ಹೊರಗೆ, ಟೀ ಅಂಗಡಿಯ ಮುಂದೆ. ಎದುರಿಗೆ ನಮ್ಮ ಕಾರು. ಅದರ ನೆತ್ತಿಯ ಮೇಲೆ ಭಾವನವರ ಡ್ರೈವಿಂಗ್ ಸ್ಕೂಲಿನ ಬೋರ್ಡು, ಬೋರ್ಡಿನ ಮೇಲೆ ತಟ್ಟೆಯಗಲದ ಕೆಂಪು ‘ಎಲ್’. ಒಳಗೆ ಅಕ್ಕ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ನಿಂತ ಗಾಡಿ ಎಂಬತ್ತರಲ್ಲಿ ಓಡುತ್ತಿದೆಯೇನೋ ಎಂಬಂತೆ ನೇರ ನೋಡುತ್ತಾ ಕೂತಿದ್ದಳು. ಭಾವ ನೋಡಲಾರದೆ ಕಾಂಪೌಂಡಿನ ಹಿಂದೆ ಅಡ್ಡಾಡುತ್ತಿದ್ದರು. ಅವರ ಬೋಳುತಲೆ ಮಾತ್ರ ಗೋಡೆಯ ಮೇಲೆ ಆಚೆಗೂ ಈಚೆಗೂ ತೇಲುತ್ತಿತ್ತು.

“ನಿಮ್ಮಕ್ಕನ ಟೆಸ್ಟು ಇನ್ನೈದು ನಿಮಿಷಕ್ಕೆ,” ಎಂದರು ಇನ್ಸ್‌ಪೆಕ್ಟರು. “ನನ್ನ ಹತ್ರ ಶಿಫಾರಸು ನಡೆಯಲ್ಲ.”

“ಶಿಫಾರಸು ಯಾರಿಗೆ ಬೇಕು ಸಾರ್? ನಾನು ಪ್ರವಾಸದ ಕತೆ ಹೇಳ್ತಿದೀನಿ.”

ಅಕ್ಕ ಇಪ್ಪತ್ತೆರಡು ವರ್ಷ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಠಸ್ಸೆ ಹೊಡೆದವಳು. ಈಗ ಬೆಟ್ಟದ ಹಳ್ಳಿಹಳ್ಳಿಗೆ ಪುಸ್ತಕ ಒಯ್ಯಲು ಒಂದು ವ್ಯಾನು ಬಂದಿದೆ. ಅದು ಬೇಕೆಂದು ಅರ್ಜಿ ಹಾಕಿದವರು ಇಬ್ಬರು: ಒಬ್ಬಳು ಅಕ್ಕ, ಇನ್ನೊಬ್ಬ ಹೆಡ್ ಗುಮಾಸ್ತರ ಅಳಿಯ. ಅಳಿಯ ಗಾಡಿ ಚೆನ್ನಾಗಿ ಓಡಿಸುತ್ತಾನೆ; ಅವನು ಕೊನೆಗೆ ಓದಿದ ಪುಸ್ತಕ ಅವನ ಲೈಸೆನ್ಸು. ಶನಿವಾರದೊಳಗೆ ಅಕ್ಕನ ಕೈಗೂ ಲೈಸೆನ್ಸು ಬರದಿದ್ದರೆ ವ್ಯಾನಿನ ಕೀಲಿ ಅವನ ಜೇಬಿಗೆ. ಇವಳೋ ಮೂರು ಸಲ ಫೇಲು. ನಾಲ್ಕನೇ ಟೆಸ್ಟಿಗೆ ಮುಂಚೆ ಅಭ್ಯಾಸವಾಗಲಿ ಎಂದು ಕಡಲತೀರದಿಂದ ಬೆಟ್ಟದ ತುದಿಯವರೆಗೆ ಎರಡು ದಿನ ನಿಧಾನವಾಗಿ ಬರೋಣ ಎಂದು ಹೊರಟೆವು. ನಾನು ಹಿಂದಿನ ಸೀಟಿನಲ್ಲಿ, ಬುತ್ತಿಯ ಜೊತೆ.

ನಿಧಾನ ಎಂದರೆ ಎಷ್ಟು ನಿಧಾನ? ಎಡಕ್ಕೆ ಸಮುದ್ರ, ಬಲಕ್ಕೆ ಉಪ್ಪಿನ ಗದ್ದೆ. ಮುಂದೆ ಕಂಡ ದೀಪಸ್ತಂಭ ಮಧ್ಯಾಹ್ನದವರೆಗೂ ಮುಂದೆಯೇ ಇತ್ತು. ಸೈಕಲ್ಲಿನ ಪೋಸ್ಟ್‌ಮ್ಯಾನ್ ನಮ್ಮನ್ನು ಮೂರು ಸಲ ಹಿಂದೆ ಹಾಕಿದ, ನಡುವೆ ಎರಡು ಬೀದಿಗೆ ಕಾಗದ ಹಂಚಿ ಬಂದು. ಬೋರ್ಡಿನ ಹಿಂದೆ ಒಂದು ಕಾಗೆ ಗೂಡು ಕಟ್ಟಿತು. ಆಮೇಲೆ ಒಂದು ಕುರಿಮಂದೆ ನಮ್ಮನ್ನು ದಾಟಿಕೊಂಡು ಹೋಯಿತು. ಕೊನೆಯ ಕುಂಟ ಕುರಿ ತಿರುಗಿ ನೋಡಿತು.

“ಕುರಿ ತಿರುಗಿ ನೋಡ್ತಾ?” ಎಂದರು ಇನ್ಸ್‌ಪೆಕ್ಟರು.

“ನೋಡ್ತು ಸಾರ್. ಆದ್ರೆ ಅಕ್ಕನ ಕಡೆ ಅಲ್ಲ, ಭಾವನ ಕಡೆ. ಕುರಿಗೆ ಗೊತ್ತಾಯ್ತು, ಗಾಡಿ ಓಡಿಸ್ತಿರೋದು ಯಾರು ಅಂತ.”

ಅದೇ ಸಂಗತಿ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಸುವವನು ಅಲ್ಲಿ ಒತ್ತಿದರೆ ಕಲಿಯುವವರ ಪೆಡಲೂ ತಾನಾಗಿ ತಗ್ಗುತ್ತದೆ. ಮೂವತ್ತು ವರ್ಷ ಆ ಸೀಟಿನಲ್ಲಿ ಕೂತ ಭಾವನ ಕಾಲುಗಳಿಗೆ ಈಗ ಭಾವನ ಅಪ್ಪಣೆಯೇ ಬೇಕಿಲ್ಲ. ಸಿನಿಮಾದಲ್ಲಿ ಹೀರೋ ಜೋರಾಗಿ ಗಾಡಿ ಓಡಿಸಿದರೆ ಮುಂದಿನ ಕುರ್ಚಿಯವನ ಬೆನ್ನಿಗೆ ಒದೆ ಬೀಳುತ್ತದೆ. ಅಕ್ಕ ಕ್ಲಚ್ಚು ಒತ್ತಬೇಕೆಂದು ಮನಸ್ಸು ಮಾಡುವಷ್ಟರಲ್ಲಿ ಅದು ಒತ್ತಿಯಾಗಿರುತ್ತಿತ್ತು. ಟೆಸ್ಟಿನ ದಿನ ಆ ಸೀಟಿನಲ್ಲಿ ಇನ್ಸ್‌ಪೆಕ್ಟರು ಕೂತು ಸುಮ್ಮನಿರುತ್ತಿದ್ದರು. ಗಾಡಿ ಎರಡು ಸಲ ಕೆಮ್ಮಿ ಆಫ್ ಆಗುತ್ತಿತ್ತು.

ಹೊಳೆ ದಾಟಲು ದೋಣಿಯ ಹಲಗೆ ಏರುವಾಗ ಗಾಡಿ ಗಕ್ಕನೆ ನಿಂತಿತು. ಅಕ್ಕ ಬಾಗಿಲು ತೆಗೆದು ಇಳಿದೇಬಿಟ್ಟಳು.

“ರೀ, ನೀವೇ ಓಡ್ಸೋದಾದ್ರೆ ನನ್ನ ಕಾಲ್ಯಾಕೆ ಬೇಕಿತ್ತು? ಮನೇಲೇ ಬಿಟ್ಟು ಬರ್ತಿದ್ದೆ.”

“ನಾನೆಲ್ಲೇ ಒತ್ತಿದೆ? ಮುಟ್ಟೇ ಇಲ್ಲ ಕಣೇ.”

“ಮುಟ್ಟಿಲ್ವಂತೆ! ಮತ್ತೆ ದೆವ್ವ ಒತ್ತಿತಾ?”

“ನಿನ್ನ ತಮ್ಮನ್ನ ಕೇಳು.”

“ನನ್ನ ಕೇಳ್ಬೇಡಿ,” ಎಂದೆ. “ನನ್ನ ಬಾಯಲ್ಲಿ ಬುತ್ತಿ ಇದೆ.”

ಅವರು ಸುಳ್ಳು ಹೇಳಲಿಲ್ಲ, ಅದೇ ಕಷ್ಟ. ಒತ್ತಿದ್ದು ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಚಪ್ಪಲಿ ಬಿಚ್ಚಿಸಿದೆವು, ಹೆಬ್ಬೆರಳಲ್ಲಿ ಒತ್ತಿದರು. ಅವರ ಕಾಲಿನ ಕೆಳಗೆ ಹಾಸಿಗೆಯ ಸುರುಳಿ ತುರುಕಿದೆವು. ಸುರುಳಿಯ ಸಮೇತ ಒತ್ತಿದರು. ರಾತ್ರಿ ತಂಗಿದ ಮನೆಯಲ್ಲಿ ಅಕ್ಕ ಮಲಗುವ ಮುಂಚೆ ಗೋಡೆಯ ಕಡೆ ತಿರುಗಿ, “ವ್ಯಾನು ಆ ಅಳಿಯನಿಗೇ ಹೋಗ್ಲಿ ಬಿಡಿ,” ಎಂದಳು. ಅದನ್ನು ಕೇಳಿದ ಭಾವ ಬಹಳ ಹೊತ್ತು ತಮ್ಮ ಪಾದಗಳನ್ನೇ ನೋಡುತ್ತಾ ಕೂತಿದ್ದರು, ಮಾತು ಕೇಳದ ಮಕ್ಕಳನ್ನು ನೋಡಿದ ಹಾಗೆ.

ಮರುದಿನ ಬೆಳಿಗ್ಗೆ ಬೆಟ್ಟ ಏರತೊಡಗಿದೆವು. ಇಪ್ಪತ್ತೊಂದು ತಿರುವು. ಕೆಳಗೆ ಸಮುದ್ರ ಒಂದು ತಗಡಿನ ಚೂರಿನಷ್ಟಾಯಿತು. ಮೇಲೆ ಹುಲ್ಲಿನ ಇಳಿಜಾರುಗಳ ಮೇಲೆ ಮಂಜು ತನಗೇನೂ ಕೆಲಸವಿಲ್ಲ ಎನ್ನುವಂತೆ ಕೂತಿತ್ತು. ಹದಿನಾಲ್ಕನೇ ತಿರುವಿನಲ್ಲಿ ಒಂದು ಲಾರಿ ಹೊಗೆ ಕಾರುತ್ತಾ ನಿಂತಿತ್ತು. ನಾವೂ ನಿಂತೆವು. ಹಿಂದೆ ಒಂದು ಬಸ್ಸು ಬಂದು, ಮುತ್ತು ಕೊಡುವಷ್ಟು ಹತ್ತಿರ ನಿಂತಿತು. ಬಲಕ್ಕೆ ಬಂಡೆ, ಎಡಕ್ಕೆ ಕಣಿವೆ. ಸ್ವಲ್ಪ ಹೊತ್ತಿಗೆ ಲಾರಿ ಹೇಗೋ ಪಕ್ಕಕ್ಕೆ ಸರಿಯಿತು. ಇನ್ನು ನಮ್ಮದು: ಕಡಿದಾದ ಏರಿನಲ್ಲಿ, ಹಿಂದಕ್ಕೆ ಜಾರದೆ, ಗಾಡಿ ಎತ್ತಬೇಕು. ಮೂರು ಸಲವೂ ಅಕ್ಕ ಫೇಲಾದದ್ದು ಇದರಲ್ಲೇ.

ಅವಳು ಭಾವನ ಕಡೆ ನೋಡಿದಳು. ಭಾವನ ಮುಖ ಬೂದಿಯಾಗಿತ್ತು.

“ಯಾಕೋ ತಲೆ ತಿರುಗ್ತಿದೆ. ಒಂಚೂರು ಕಣ್ಮುಚ್ಕೋತೀನಿ,” ಎಂದರು. ಎಂದವರೇ ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು, ಊಟಕ್ಕೆ ಕೂತವರಂತೆ ಚಕ್ಕಳಮಕ್ಕಳ ಹಾಕಿ, ಗಾಜಿಗೆ ತಲೆ ಆನಿಸಿ ಗೊರಕೆ ಶುರು ಮಾಡಿದರು.

“ರೀ! ಈಗ್ಲೇ ಬೇಕಿತ್ತಾ ನಿದ್ದೆ?”

ಗೊರಕೆ. ಹಿಂದೆ ಬಸ್ಸಿನವನು ಹಾರನ್ನು ಬಿಡಲೇ ಇಲ್ಲ. ಗಾಡಿ ಆಫ್ ಆಯಿತು. ಮತ್ತೆ ಚಾಲೂ ಮಾಡಿದಳು. ಒಂದು ಗೇಣು ಹಿಂದಕ್ಕೆ ಜಾರಿ ಮತ್ತೆ ಆಫ್ ಆಯಿತು. ಬಸ್ಸಿನಲ್ಲಿ ಯಾರೋ ನಮ್ಮ ವಂಶವನ್ನೆಲ್ಲ ನೆನೆದರು. ನನಗೆ ಬಲಗಡೆ ಕನ್ನಡಿಯಲ್ಲಿ ಅಕ್ಕನ ಮುಖ ಕಾಣುತ್ತಿತ್ತು, ಎಡಗಡೆ ಕನ್ನಡಿಯಲ್ಲಿ ಭಾವನದು. ಬಿಗಿದು ಮುಚ್ಚಿದ ಅವರ ಕಣ್ಣು ನಿದ್ದೆಯವರದ್ದಲ್ಲ, ಹುಳಿ ಕಚ್ಚಿದವರದ್ದು. ಬಾಗಿಲ ಹಿಡಿ ಹಿಡಿದ ಕೈಯ ಗೆಣ್ಣುಗಳು ಬೆಳ್ಳಗಾಗಿದ್ದವು.

ಮೂರನೇ ಸಲ ಅಕ್ಕ ಅವಸರ ಮಾಡಲಿಲ್ಲ. ಹಳೆಯ ಪುಸ್ತಕದ ಅಂಟಿದ ಹಾಳೆ ಬಿಡಿಸುವ ಹಾಗೆ ಕ್ಲಚ್ಚನ್ನು ಎಳೆಎಳೆಯಾಗಿ ಬಿಟ್ಟಳು. ಇಂಜಿನ್ನಿನ ದನಿ ತಗ್ಗಿತು. ಗಾಡಿ ನಿಂತಲ್ಲೇ ಒಮ್ಮೆ ನಡುಗಿತು. ಭಾವನ ಗೊರಕೆ ನಿಂತುಹೋಯಿತು. ಬ್ರೇಕು ಬಿಟ್ಟಳು, ಗಾಡಿ ಮುಂದಕ್ಕೆ ಹೋಯಿತು. ಗೊರಕೆ ಮತ್ತೆ ಶುರುವಾಯಿತು, ಈ ಸಲ ಮೊದಲಿಗಿಂತ ಒಂದು ಸುತ್ತು ಇಂಪಾಗಿ.

ಉಳಿದ ಏಳು ತಿರುವನ್ನೂ ಅವಳೇ ತಿರುಗಿಸಿದಳು. ತುದಿಯಲ್ಲಿ ಗಾಳಿ ಬಂದು ಮಂಜು ಪರದೆಯಂತೆ ಸರಿಯಿತು. ಭಾವ ‘ಎಚ್ಚರ’ವಾಗಿ ಮೈಮುರಿದರು.

“ಬಂದ್ಬಿಟ್ವಾ? ಚೆನ್ನಾಗ್ ಓಡ್ಸಿದೆ ಕಣೇ. ಎರಡು ಸಲ ಆಫ್ ಆದ್ರೇನು, ಮೂರನೇ ಸಲ...”

ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡರು. ಅಕ್ಕ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟಳು.

“ಇದಿಷ್ಟೂ ನಿಜಾನಾ?” ಎಂದರು ಇನ್ಸ್‌ಪೆಕ್ಟರು.

“ಕಾಗೆ ಮೊಟ್ಟೆ ಇಟ್ಟಿದ್ದನ್ನ ನಾನು ಹೇಳೇ ಇಲ್ಲ ಸಾರ್, ನೀವು ನಂಬಲ್ಲ ಅಂತ. ಅಷ್ಟು ಹೊತ್ತು ಕಾಲು ಮಡಚಿ ಕೂತ ಮನುಷ್ಯ ಕೆಳಗಿಳಿದಾಗ, ಎರಡೂ ಕಾಲು ಜೋಮು ಹಿಡಿದು ನೆಲಕ್ಕೆ—”

ಇನ್ಸ್‌ಪೆಕ್ಟರು ಅರ್ಧ ಟೀಯನ್ನು ಬೆಂಚಿನ ಮೇಲೆ ಇಟ್ಟು ನಡೆದೇಬಿಟ್ಟರು. ಎಡಗಡೆ ಬಾಗಿಲು ತೆರೆದು ಕೂತರು. ಅಕ್ಕ ಅವರಿಗೊಂದು ನಮಸ್ಕಾರ ಹೇಳಿ, ಕನ್ನಡಿ ಸರಿಮಾಡಿಕೊಂಡಳು. ಕಾರು ಗೇಟು ದಾಟಿ ಏರಿನ ರಸ್ತೆಗೆ ಹೊರಳಿತು.

ಭಾವ ಯಾವಾಗಲೋ ಬಂದು ನನ್ನ ಪಕ್ಕ ನಿಂತಿದ್ದರು. ಏರಿನ ನಡುವೆ ಕಾರು ನಿಂತಿತು. ಅವರು ಕಣ್ಣು ಕೀಳದೆ ಕೈಚಾಚಿ, ಇನ್ಸ್‌ಪೆಕ್ಟರ ಗ್ಲಾಸು ಎತ್ತಿ, ಅದರಲ್ಲಿದ್ದ ಟೀಯನ್ನು ಪೂರ್ತಿ ಕುಡಿದರು. ಮೇಲೆ, ಬಿಸಿಲಿನಲ್ಲಿ, ಕೆಂಪು ‘ಎಲ್’ ನಿಧಾನವಾಗಿ ಏರತೊಡಗಿತು.